ಕಿತ್ತುಕೊಂಡ ಪ್ರಯೋಗ

ಹೊಲಕ್ಕೆ ಹೊಡೆಯುವ ಕೀಟನಾಶಕ ಹೊಟ್ಟೆಯೊಳಗಿನ ಕೂಸಿನ ಮಿದುಳಿಗೆ ಕೇಡು ಮಾಡೀತೇ ಎಂದು ತಿಳಿಯಲು, ಮೀನಿನ ಮೊಟ್ಟೆ ಮರಿಗಳ ಮೇಲೆ ಅದನ್ನು ಪರೀಕ್ಷಿಸುವ ಪ್ರಯೋಗವನ್ನು ಕಟ್ಟಿ ನಿಲ್ಲಿಸಿದವಳು ಕುಮುದಾ. ಸೋಮವಾರ ಬಂದು ನೋಡಿದರೆ ಆ ಪ್ರಯೋಗದ ಕೋಣೆಯ ಬೀಗದ ಕೈ ಚಾರುಲತಾಳ ಬಳಿ ಇತ್ತು. ನಿನ್ನೆ ಮೊನ್ನೆ ಲ್ಯಾಬಿಗೆ ಸೇರಿದವಳು! ಕುಮುದಾಳಿಗೆ ಸಿಕ್ಕಿದ್ದು ಕಂಪ್ಯೂಟರ್ ಮುಂದೆ ಕೂತು ಅಂಕಿ ತುಂಬುವ ಕೆಲಸ.

ವಾರವಿಡೀ ಅವಳ ಹೊಟ್ಟೆ ಉರಿಯಿತು. ಗಾಜಿನ ಬಾಗಿಲಾಚೆ ಚಾರುಲತಾ ಮರಿಗಳ ಮೇಲೆ ಬೆಳಕು ಬಿಟ್ಟು, ಅವು ಬೆಚ್ಚಿ ಓಡುತ್ತವೋ ಮಂಕಾಗಿ ಬಿದ್ದಿರುತ್ತವೋ ಎಂದು ನೋಡುತ್ತಿದ್ದರೆ, ಮುಖ್ಯಸ್ಥರು ಪಕ್ಕದಲ್ಲಿ ನಿಂತು ತಲೆದೂಗುತ್ತಿದ್ದರು. ಮರಿಗಳೆಲ್ಲ ಒಟ್ಟಿಗೇ ಸತ್ತುಹೋಗಲಿ ಎಂದೂ ಕುಮುದಾ ಒಮ್ಮೆ ಹಾರೈಸಿದಳು.

ಶುಕ್ರವಾರ ಕ್ಯಾಂಟೀನಿನಲ್ಲಿ ಅವಳಿಗೆ ತಡೆಯಲಾಗಲಿಲ್ಲ.

“ಸರ್ ಹತ್ರ ಹೋಗಿ ನನ್ನ ಕೆಲಸ ಕೇಳಿದ್ದು ನೀನೇ ತಾನೆ?”

“ಹೌದಕ್ಕ, ನಾನೇ.”

“ನಾಚಿಕೆ ಆಗಲ್ವಾ? ನಾನು ಬೇಯಿಸಿಟ್ಟ ಅನ್ನಕ್ಕೆ ನೀನು ಎಲೆ ಹಾಕ್ಕೊಂಡು ಕೂತಿದ್ದೀಯಲ್ಲ!”

ಚಾರುಲತಾ ಜಗಳಕ್ಕೆ ಬರಲಿಲ್ಲ. ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡು ದನಿ ತಗ್ಗಿಸಿದಳು.

“ಪ್ರಯೋಗ ನಿಮ್ಮ ಹೆಸರಲ್ಲೇ ಇರತ್ತೆ, ಸರ್‌ಗೂ ಹೇಳಿದೀನಿ. ಆದರೆ ಎರಡು ವಾರದಿಂದ ಕಾಫಿ ವಾಸನೆಗೇ ನಿಮಗೆ ವಾಕರಿಕೆ ಬರ್ತಿದೆ. ಯಾಕೆ ಅಂತ ನಿಮಗಿನ್ನೂ ಹೊಳೆದಿಲ್ಲ. ಆ ವಿಷ ಮತ್ತೆ ಮುಟ್ಟೋ ಮೊದಲು ಒಂದ್ಸಲ ಡಾಕ್ಟರ್ ಹತ್ರ ಹೋಗಿ ಬನ್ನಿ, ಅಕ್ಕ. ಹಳೇ ಲ್ಯಾಬಲ್ಲಿ ನನಗೆ ಇದನ್ನ ಹೇಳೋರು ಯಾರೂ ಇರಲಿಲ್ಲ.”