ಏರದ ತೆರಿಗೆ

ನಗರಸಭೆಯ ಬಜೆಟ್ ಸಭೆ ಶ್ರದ್ಧಾಂಜಲಿಯೊಂದಿಗೆ ಶುರುವಾಯಿತು. ಮ್ಯಾನ್‌ಹೋಲಿಗೆ ಇಳಿದು ಉಸಿರುಗಟ್ಟಿ ಸತ್ತ ಪೌರಕಾರ್ಮಿಕ ಓಬಳೇಶನ ಫೋಟೊಗೆ ಅಧ್ಯಕ್ಷರೇ ಹಾರ ಹಾಕಿ ಕಣ್ಣೊರೆಸಿಕೊಂಡರು. ಎಲ್ಲರೂ ಎದ್ದು ನಿಂತು ಮೌನ ಆಚರಿಸಿದರು. ಆಮೇಲೆ ಗೋಡಂಬಿ ತಟ್ಟೆಗಳನ್ನು ಹತ್ತಿರಕ್ಕೆ ಎಳೆದುಕೊಂಡರು.

ಮ್ಯಾನ್‌ಹೋಲ್ ತೊಳೆಯುವ ಯಂತ್ರ ಕೊಳ್ಳಬೇಕಾದರೆ ನೀರಿನ ತೆರಿಗೆ ಏರಿಸಬೇಕಿತ್ತು. ಇಲ್ಲವಾದರೆ ಯಂತ್ರವನ್ನೇ ಬಜೆಟ್ಟಿನಿಂದ ಕೈಬಿಡಬೇಕಿತ್ತು.

"ಮನೆಗೆ ತಿಂಗಳಿಗೆ ಹತ್ತು ರೂಪಾಯಿ ಅಷ್ಟೇ ಸಾರ್," ಎಂದರು ಆರೋಗ್ಯಾಧಿಕಾರಿ.

"ಅಷ್ಟೇನಾ? ನಾಳೆ ಓಟು ಕೇಳೋಕೆ ನೀವು ಹೋಗ್ತೀರೇನ್ರೀ?" ಎಂದು ಸದಸ್ಯನೊಬ್ಬ ಮೇಜು ಕುಟ್ಟಿದ. "ಬಡವರ ನಲ್ಲಿ ಮೇಲೆ ಕೈ ಹಾಕಿದ್ರೆ ನಾವು ಸುಮ್ನಿರಲ್ಲ!"

"ಹಾಗಾದ್ರೆ ಸದಸ್ಯರ ಅಧ್ಯಯನ ಪ್ರವಾಸ ಈ ವರ್ಷ ಬಿಡಬಹುದಲ್ವಾ ಸಾರ್?" ಎಂದರು ಆರೋಗ್ಯಾಧಿಕಾರಿ.

ಸಭೆ ಮತ್ತೊಮ್ಮೆ ಮೌನವಾಯಿತು. ಈ ಸಲ ಯಾರೂ ಎದ್ದು ನಿಲ್ಲಲಿಲ್ಲ.

"ಯಂತ್ರ ಮುಂದಿನ ವರ್ಷ ನೋಡೋಣ," ಎಂದರು ಅಧ್ಯಕ್ಷರು. "ತೆರಿಗೆ ಏರಿಸಲಿಲ್ಲ ಅಂತ ಊರ ತುಂಬ ಫ್ಲೆಕ್ಸ್ ಹಾಕ್ಸಿ."

ಎಲ್ಲರೂ ಮೇಜು ಕುಟ್ಟಿ ಒಪ್ಪಿದರು.

"ಅಲ್ಲೀವರೆಗೂ ಗುಂಡಿಗೆ ಇಳಿಯೋರು ಯಾರು ಸಾರ್?"

"ಇದ್ದಾರಲ್ರೀ ಜನ. ಏಳಿ, ಊಟ ಆರಿಹೋಗುತ್ತೆ."

ಸಭೆ ಮುಗಿಯಿತು. ಜವಾನ ಹಾರ ತೆಗೆದು, ಹೊರಗೆ ಕಾದು ಕೂತಿದ್ದ ಓಬಳೇಶನ ಹೆಂಡತಿಗೆ ಕೊಡಲೆಂದು ಫೋಟೊವನ್ನು ಎತ್ತಿಕೊಂಡ. ಬಾಗಿಲು ದಾಟುತ್ತಿದ್ದ ಅಧ್ಯಕ್ಷರು ನಿಂತರು.

"ಏಯ್, ಒಳಗಿನ ಫೋಟೊ ಮಾತ್ರ ಬಿಚ್ಚಿ ಕೊಡೋ. ಫ್ರೇಮು ಇಲ್ಲೇ ಇರ್ಲಿ, ಪ್ರತಿ ಸಲ ಹೊಸದು ತರೋಕಾಗುತ್ತಾ?"