ಹಿಂದಿನ ಲಾರಿಯ ಹಾರ್ನ್

ಹಿಂದಿನ ಲಾರಿ ಮತ್ತೆ ಹಾರ್ನ್ ಹೊಡೆದಾಗ ನಾಗಭೂಷಣನ ನೆತ್ತಿ ಬಿಸಿಯಾಯಿತು. ತಾಯಿ ಬೋರಕ್ಕನನ್ನು ಕಣ್ಣು ತೋರಿಸಲೆಂದು ನಾಯಕನಹಟ್ಟಿಯಿಂದ ಬೈಕಿನಲ್ಲಿ ಕರೆತರುತ್ತಿದ್ದ. ಚಳ್ಳಕೆರೆ ಪೇಟೆ ಹೊಕ್ಕಾಗಿನಿಂದ ಅಡ್ಡ ನುಗ್ಗುವ ಆಟೋದವರನ್ನೂ, ನಡುರಸ್ತೆಯಲ್ಲೇ ನಿಲ್ಲುವ ಬಸ್ಸಿನವರನ್ನೂ ಬೈದೂ ಬೈದೂ ಅವನ ಗಂಟಲು ಒಣಗಿತ್ತು.

ಗಕ್ಕನೆ ಬ್ರೇಕ್ ಹಾಕಿ ನಿಲ್ಲಿಸಿ, "ಏನ್ಲೇ, ರೋಡು ನಿಮ್ಮಪ್ಪಂದಾ?" ಎಂದು ಹಿಂದೆ ತಿರುಗಿ ಕೂಗಿದ. ಲಾರಿಯಿಂದ ಇಳಿದು ಬಂದ ನರೆಗೂದಲಿನ ಚಾಲಕ ಜಗಳಕ್ಕೆ ನಿಲ್ಲಲಿಲ್ಲ. ಬೈಕಿನ ಹಿಂದಿನ ಚಕ್ರದ ಪಕ್ಕ ಕುಕ್ಕರಗಾಲಲ್ಲಿ ಕೂತು, ಚೈನಿಗೆ ಸಿಕ್ಕಿದ್ದ ಬೋರಕ್ಕನ ಸೆರಗನ್ನು ಮೆಲ್ಲಗೆ ಬಿಡಿಸತೊಡಗಿದ. ತುದಿಯೆಲ್ಲ ಗ್ರೀಸು ಮೆತ್ತಿಕೊಂಡು ಚಿಂದಿಯಾಗಿತ್ತು.

"ಸರ್ಕಲ್ಲಿಂದ ಹಾರ್ನ್ ಹೊಡೀತಾ ಬಂದೆ. ಸೆರಗು ಇನ್ನೊಂದು ಸುತ್ತು ಸುತ್ತಿದ್ರೆ ನಿಮ್ಮವ್ವ ನನ್ನ ಗಾಲಿ ಕೆಳಗೆ ಇರೋಳು" ಎಂದು ಅವನು ಲಾರಿ ಹತ್ತಿದ.

ನಾಗಭೂಷಣ ಚಿಂದಿಯಾದ ಸೆರಗಿನ ತುದಿಯನ್ನು ಕೈಗೆತ್ತಿಕೊಂಡ. "ಸೆರಗು ಜಗ್ಗಿದ್ದು ನಿನಗೆ ಗೊತ್ತಾಗ್ಲಿಲ್ವೇನವ್ವ?"

"ಗೊತ್ತಾತು ಕಣಪ್ಪ" ಎಂದಳು ಬೋರಕ್ಕ, ಅವನ ಮುಖ ನೋಡದೆ. "ನೀನು ಎಲ್ಲರ ಮೇಲೂ ರೇಗಾಡ್ತಿದ್ದೆ. ಹೇಳಿದ್ರೆ ನಂಗೂ ಬೈತೀಯ ಅಂತ ಹಂಗೇ ಬಿಗಿಯಾಗಿ ಹಿಡ್ಕಂಡು ಕೂತಿದ್ದೆ."