ಸುತ್ತಿಗೆಗೊಂದು ಮರ

ಮರ ಕಡೆಯುವ ಸೊಸೆಯ ಕೈ ಮತ್ತೆ ಮತ್ತೆ ಮೆದು ಮರದ ತುಂಡಿನತ್ತಲೇ ಹೋಗುತ್ತಿತ್ತು. ಅವಳ ಕಡೆತದ ಯಂತ್ರದ, ಆ ಲೇತಿನ ಸದ್ದಿನ ಮೇಲೆ ನೆರೆಯವರು ಕೊಟ್ಟ ದೂರು ನಾಳೆ ಬೀದಿಯ ಸಂಘದ ಸಭೆಗೆ ಬರುವುದಿತ್ತು. ಹೊಸ ಅಧ್ಯಕ್ಷೆ ಅತ್ತೆ. ಸಭೆಯಲ್ಲಿ ಗಲಾಟೆಯಾದರೆ ಮೇಜಿಗೆ ಕುಟ್ಟಲು ಮರದ ಸುತ್ತಿಗೆ ಮಾಡಿಕೊಡೆಂದು ಸೊಸೆಯನ್ನು ಕೇಳಿದ್ದರು. ಅದು ಮೊದಲು ತನ್ನ ಬಾಯನ್ನೇ ಮುಚ್ಚಿಸುತ್ತದೆಂದು ಸೊಸೆಗೆ ಒಳಗೊಳಗೇ ತಳಮಳ. ಮೆದು ಮರವಾದರೆ ಸದ್ದೇ ಏಳದು.

ಬಾಗಿಲಲ್ಲಿ ನಿಂತ ಅತ್ತೆ, "ಅದನ್ನ ಕುಟ್ಟು, ನೋಡೋಣ," ಎಂದರು. ಕುಟ್ಟಿದಳು. ದಿಂಬಿಗೆ ಗುದ್ದಿದಂತಾಯಿತು.

"ಇದಕ್ಕೆ ಸೊಳ್ಳೆನೂ ಹೆದರಲ್ಲ ಕಣೇ! ನಾಳೆ ನೀನು ಬಾಯಿ ತೆರೆದ್ರೆ ಸಾಕು, ಎಲ್ಲರೂ ಮೇಲೆ ಬೀಳ್ತಾರೆ. ನೀನು ಹೇಳಿ ಮುಗಿಸೋವರೆಗೂ ಅವರನ್ನ ನಾನು ಹೇಗೆ ಸುಮ್ಮನಿರಿಸ್ಲಿ?"

ಸೊಸೆ ಮರದ ರಾಶಿಯ ತಳದಿಂದ ಗಟ್ಟಿ ಬೀಟೆಯ ತುಂಡನ್ನೆಳೆದು ಅತ್ತೆಯ ಕೈಗಿಟ್ಟಳು.

"ನೀವೇ ಕುಟ್ಟಿ ನೋಡಿ, ಅತ್ತೆ."